ಆಕಾಶದಲ್ಲಿ ಉಳಿದ ಐವತ್ತು ಕಿಲೋಮೀಟರ್

ಹೈದರಾಬಾದಿನ ಬಾಲಾನಗರದ ಕನ್ನಡಿಗರಿಗೆ 2008ರವರೆಗೆ ವಿಮಾನ ನಿಲ್ದಾಣವೆಂದರೆ ಹತ್ತಿರದ ಬೇಗಂಪೇಟೆ. ಆಟೋದವನ ಜತೆ ಚೌಕಾಸಿ ಮುಗಿಯುವಷ್ಟರಲ್ಲಿ ಗೇಟು! ಬೆಂಗಳೂರಿನಲ್ಲಿ ಇಳಿಯುವುದು ಎಚ್‌ಎಎಲ್‌ನಲ್ಲಿ. ಇಂದಿರಾನಗರದ ಅಕ್ಕನ ಮನೆಗೆ ಕಾಫಿ ಹೊತ್ತಿಗೆ ಹಾಜರು.

ಆ ವರ್ಷ ಮಾರ್ಚಿನಲ್ಲಿ ಶಂಶಾಬಾದ್, ಮೇ ತಿಂಗಳಲ್ಲಿ ದೇವನಹಳ್ಳಿ ತೆರೆದವು. ಒಂದು ತನ್ನ ಊರಿನ ದಕ್ಷಿಣಕ್ಕೆ, ಇನ್ನೊಂದು ಉತ್ತರಕ್ಕೆ. ನಕ್ಷೆಯ ಮೇಲೆ ದಾರ ಹಿಡಿದು ಅಳೆದರೆ ತಮಾಷೆ ಗೊತ್ತಾಗುತ್ತದೆ: ಸುಮಾರು 500 ಕಿ.ಮೀ. ಇದ್ದ ನೇರ ಅಂತರ 450ರ ಆಸುಪಾಸಿಗೆ ಇಳಿದಿದೆ. ನಿಲ್ದಾಣಗಳು ಪರಸ್ಪರ ಹತ್ತಿರವಾದವು. ಪ್ರಯಾಣಿಕ ಎರಡಕ್ಕೂ ದೂರದವನಾದ.

ಹಾರಾಟ ಒಂದು ಗಂಟೆ ಚಿಲ್ಲರೆ. ಉಳಿದದ್ದೆಲ್ಲ ಮೆಹದಿಪಟ್ಟಣ, ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ, ಆಮೇಲೆ ಹೆಬ್ಬಾಳ. ಪೈಲಟ್ಟು ಇಳಿಯುವ ಸಮಯವನ್ನು ಮೊದಲೇ ಘೋಷಿಸುತ್ತಾನೆ. ಹೆಬ್ಬಾಳದ ಮೇಲ್ಸೇತುವೆ ದಾಟುವ ಸಮಯ ಕೇಳಿದರೆ ಕ್ಯಾಬ್ ಚಾಲಕ ಅಷ್ಟು ಧೈರ್ಯ ಮಾಡುವುದಿಲ್ಲ. “ನೋಡೋಣ ಸಾರ್” ಅನ್ನುತ್ತಾನೆ.