ಅಳೆದೂ ಸುರಿದೂ ಒಂದು ಮೌಸ್

ನಮ್ಮ ಬೀದಿಯಲ್ಲಿ ಯಾರೇ ಮಿಕ್ಸಿ ಕೊಳ್ಳಲಿ, ನೀರಿನ ಮೋಟರು ಕೊಳ್ಳಲಿ, ಮೊದಲು ರಾಯರ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬರುವುದು ವಾಡಿಕೆ. ಕಾಫಿಯನ್ನು ಅವರ ಹೆಂಡತಿ ಕೊಡುತ್ತಾರೆ, ಮಿಕ್ಕದ್ದೆಲ್ಲವನ್ನೂ ರಾಯರು ಕೊಡುತ್ತಾರೆ. ಮೋಟರಿನ ತಾಮ್ರದ ಸುರುಳಿಯಿಂದ ಹಿಡಿದು ಗ್ಯಾರಂಟಿ ಕಾರ್ಡಿನ ಹಿಂಬದಿಯ ಇರುವೆ ಸಾಲಿನಂಥ ಅಕ್ಷರಗಳವರೆಗೆ ಅವರಿಗೆ ತಿಳಿಯದ್ದಿಲ್ಲ. ಹೋದವರು ಏನು ಕೊಳ್ಳಬೇಕೆಂದು ಗೊತ್ತಾಗದೆ, ಏನೇನು ಕೊಳ್ಳಬಾರದೆಂಬುದರಲ್ಲಿ ಮಾತ್ರ ಪಂಡಿತರಾಗಿ ಹೊರಗೆ ಬರುತ್ತಾರೆ. ಇಂಥವರು ಬಡಾವಣೆಗೆ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರ ಸ್ವಂತ ಮನೆಗೆ ಹೊಸ ಸಾಮಾನು ಬರುವುದು ಮಾತ್ರ ಅಪರೂಪ. ಕೊಂಡುಬಿಟ್ಟರೆ ಹುಡುಕುವ ಸುಖ ಮುಗಿದುಹೋಗುತ್ತದಲ್ಲ!

ರಾಯರು ಸರ್ವೆ ಇಲಾಖೆಯಲ್ಲಿ ಸರಪಳಿ ಹಿಡಿದು ಜಮೀನು ಅಳೆದು ನಿವೃತ್ತರಾದವರು. ಅಳತೆಗೆ ಸಿಗದ ವಸ್ತುವನ್ನು ಅವರು ನಂಬುವುದಿಲ್ಲ. ಅವರ ಮನೆಯ ಕಂಪ್ಯೂಟರಿನ ಮೌಸ್‌ಗೆ ಇದ್ದಕ್ಕಿದ್ದಂತೆ ಒಂದು ಚಾಳಿ ಹಿಡಿಯಿತು. ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದ ಲೆಕ್ಕ. ಸುಮ್ಮನೆ ಗುರುತು ಮಾಡಲು ಮುಟ್ಟಿದ ಫೈಲು ತೆರೆದೇ ಬಿಡುತ್ತಿತ್ತು. ಸಂಜೆಯ ಸಾಲಿಟೇರ್ ಆಟದಲ್ಲಿ ಎಳೆದು ತಂದ ಇಸ್ಪೀಟು ರಾಜ ಅರ್ಧ ದಾರಿಯಲ್ಲಿ ಕೈಜಾರಿ ಬಿದ್ದು, ಹೊರಟಲ್ಲಿಗೇ ವಾಪಸು ಓಡುತ್ತಿದ್ದ.

"ಗುಂಡಿ ಕೆಳಗೆ ಒಂದು ಪುಟ್ಟ ಸ್ವಿಚ್ ಇರುತ್ತೆ ಕಣ್ರೀ. ಅದರೊಳಗೆ ತಾಮ್ರದ ತೆಳ್ಳನೆ ಪಟ್ಟಿ. ಒತ್ತಿ ಒತ್ತಿ ಸವೆದ ಮೇಲೆ ಅದು ಕೂತ ಕಡೆ ಕೂರದೆ ಅದುರುತ್ತೆ. ಆ ಅದುರಾಟಾನ ಕಂಪ್ಯೂಟರು ಇನ್ನೊಂದು ಕ್ಲಿಕ್ ಅಂತ ಎಣಿಸಿಬಿಡುತ್ತೆ," ಎಂದು ನನಗೆ ಪಾಠವಾಯಿತು. ಅವರ ಮುಖದಲ್ಲಿ ಸ್ವಲ್ಪವಾದರೂ ದುಃಖ ಇದೆಯೇ ಎಂದು ನೋಡಿದೆ, ಕಾಣಲಿಲ್ಲ. ಹೊಸ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಆಗಲೇ ಸ್ಕೇಲಿಟ್ಟು ಅಂಚುಗೆರೆ ಹಾಕಿ ಮುಗಿಸಿದ್ದರು.

ಮೊದಲು ಅಳತೆಗೆ ಸಿಕ್ಕಿದ್ದು ಅವರದೇ ಕೈ. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಗೆ 19 ಸೆಂಟಿಮೀಟರ್, ಹೆಬ್ಬೆರಳು ಬಿಟ್ಟು ಅಂಗೈ ಅಗಲ 9. ಆಮೇಲೆ ನನ್ನ ಕೈ, ಪೇಪರ್ ಹುಡುಗನ ಕೈ, ಗ್ಯಾಸ್ ಸಿಲಿಂಡರ್ ತಂದವನ ಕೈ. ಸಿಲಿಂಡರಿನವನು ಭವಿಷ್ಯ ಹೇಳುತ್ತಾರೆಂದು ತಿಳಿದು ಭಕ್ತಿಯಿಂದ ಎರಡೂ ಕೈ ಚಾಚಿದ. ಹೋಲಿಸಿ ನೋಡಲು ನಾಲ್ಕಾರು ಕೈ ಬೇಕಂತೆ. ಅಷ್ಟಾದ ಮೇಲೆ ಹಿಡಿತದ ವಿಚಾರ ಬಂತು. ಅಂಗೈಯನ್ನು ಪೂರ್ತಿ ಊರಿ ಹಿಡಿಯುವವರಿಗೆ ಬೆನ್ನು ಉಬ್ಬಿದ ದೊಡ್ಡ ಮೌಸ್ ಬೇಕು. ಬೆರಳು ಮಡಚಿ ಪಂಜದಂತೆ ಹಿಡಿಯುವವರಿಗೆ ಕೊಂಚ ಗಿಡ್ಡದು ಸಾಕು. ಬರೀ ಬೆರಳತುದಿಯಲ್ಲಿ ಆಡಿಸುವವರಿಗೆ ಹಗುರವಾದದ್ದೇ ಆಗಬೇಕು. ರಾಯರು ತಮ್ಮ ಕೈಯನ್ನು ಪಕ್ಕದಿಂದ ಮೊಬೈಲಿನಲ್ಲಿ ಫೋಟೊ ತೆಗೆಸಿಕೊಂಡು, ಭೂತಗನ್ನಡಿ ಹಿಡಿದು ಪರೀಕ್ಷಿಸಿ, "ನಂದು ಪಂಜದ ಹಿಡಿತ" ಎಂದು ಘೋಷಿಸಿದರು.

"ಈ ವಯಸ್ಸಲ್ಲಿ ಗೊತ್ತಾಯ್ತಾ?" ಎಂದು ಒಳಗಿನಿಂದ ಅವರ ಹೆಂಡತಿ ಕೇಳಿದರು.

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗನಿಂದ ವಿಷಯ ಇನ್ನೂ ಜಟಿಲವಾಯಿತು. ಹುಡುಗ ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟದವನು. "ತಾತ, 125 ಹರ್ಟ್ಜ್ ಮೌಸ್ ತಗೋಬೇಡ, 1000 ಹರ್ಟ್ಜ್ ತಗೋ" ಎಂದ. ಮೌಸ್ ತಾನೆಲ್ಲಿದ್ದೇನೆಂದು ಸೆಕೆಂಡಿಗೆ 125 ಸಲ ವರದಿ ಒಪ್ಪಿಸಿದರೆ ಒಂದೊಂದು ವರದಿಯ ನಡುವೆ 8 ಮಿಲಿಸೆಕೆಂಡು, 1000 ಸಲವಾದರೆ ಒಂದೇ ಮಿಲಿಸೆಕೆಂಡು. ಲೆಕ್ಕ ರಾಯರಿಗೆ ತಕ್ಷಣ ಹೊಳೆಯಿತು.

"ಅಲ್ಲಪ್ಪ, ಏಳು ಮಿಲಿಸೆಕೆಂಡ್ ತಡ ಆದ್ರೆ ಏನಾಗುತ್ತೆ?"

"ಸತ್ತೋಗ್ತೀವಿ ತಾತ."

ರಾಯರು ಬೆಚ್ಚಿದರು. ತಮ್ಮ ಆಟದಲ್ಲಿ ಗುಂಡು ಹೊಡೆಯುವವರು ಯಾರೂ ಇಲ್ಲವೆಂಬುದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದರೂ ನೋಟ್‌ಬುಕ್ಕಿನಲ್ಲಿ '1000' ಎಂದು ಬರೆದು ಅಡಿಗೆರೆ ಎಳೆದರು. ಡಿಪಿಐ ವಿಷಯದಲ್ಲಿ ಮಾತ್ರ ಅವರು ಮೋಸ ಹೋಗಲಿಲ್ಲ. ಮೌಸನ್ನು ಒಂದು ಅಂಗುಲ ಸರಿಸಿದರೆ ಬಾಣದ ಗುರುತು ಪರದೆಯ ಮೇಲೆ ಎಷ್ಟು ಚುಕ್ಕಿ ಸರಿಯುತ್ತದೆ ಎಂಬ ಲೆಕ್ಕ ಅದು. ಡಬ್ಬಿಯ ಮೇಲೆ 25,000 ಎಂದು ಬೆಂಕಿಯ ಚಿತ್ರದ ಜೊತೆಗೆ ಅಚ್ಚು ಹಾಕಿರುತ್ತಾರೆ. "ನಮ್ಮ ಪರದೆ ಅಗಲವೇ 1920 ಚುಕ್ಕಿ. ಒಂದು ಅಂಗುಲ ಸರಿಸಿದ್ರೆ ಬಾಣ ಹದಿಮೂರು ಪರದೆ ದಾಟಿ ಪಕ್ಕದ ಮನೆಗೆ ಹೋಗುತ್ತೆ. ಎಂಟುನೂರೋ ಸಾವಿರದ ಆರುನೂರೋ ಇದ್ರೆ ಧಾರಾಳ" ಎಂದು ಅವರು ತೀರ್ಪು ಕೊಟ್ಟಾಗ, ಹುಡುಗ ಮೊದಲ ಸಲ ತಾತನನ್ನು ಗೌರವದಿಂದ ನೋಡಿದ. ನಿಜಕ್ಕೂ ಇದೊಂದು ವಿಷಯದಲ್ಲಿ ರಾಯರ ಮಾತನ್ನು ಕಣ್ಣು ಮುಚ್ಚಿ ನಂಬಬಹುದು.

ರಾಯರಿಗೆ ಮೌಸ್ ಮೊದಲು ಸಿಕ್ಕಿದ್ದು ತಾಲ್ಲೂಕು ಕಚೇರಿಯಲ್ಲಿ, ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವ 'ಭೂಮಿ' ಯೋಜನೆ ಬಂದಾಗ. ಅದು ಹೊಟ್ಟೆಯೊಳಗೆ ರಬ್ಬರಿನ ಗುಂಡು ಇಟ್ಟುಕೊಂಡ ಮೌಸ್. ಗುಂಡು ಉರುಳಿದಂತೆ ಒಳಗಿನ ಪುಟ್ಟ ಉರುಳೆಗಳು ತಿರುಗಬೇಕು. ಕಚೇರಿಯ ಧೂಳು, ಕೈಬೆವರು, ಚಕ್ಕುಲಿ ಪುಡಿ ಎಲ್ಲ ಸೇರಿ ಉರುಳೆಯ ಸುತ್ತ ಕಪ್ಪು ಪಟ್ಟಿಯಾಗಿ ಅಂಟಿದ ಮೇಲೆ ಬಾಣ ಅಡ್ಡ ಮಾತ್ರ ಹೋಗುತ್ತಿತ್ತು, ಉದ್ದ ಹೋಗುತ್ತಿರಲಿಲ್ಲ. ರಾಯರು ತಳದ ಬಿಲ್ಲೆಯನ್ನು ತಿರುಗಿಸಿ, ಗುಂಡನ್ನು ಅಂಗೈಗೆ ಬೀಳಿಸಿಕೊಂಡು, ಉಗುರಿನಲ್ಲಿ ಆ ಪಟ್ಟಿಯನ್ನು ಕೆರೆದು, ಒಂದೇ ಎಳೆಯಾಗಿ ಸುರುಳಿ ಬಿಡಿಸಿ ತೆಗೆಯುತ್ತಿದ್ದರಂತೆ. ಈಗಿನ ಮೌಸ್‌ಗಳಲ್ಲಿ ಅವರಿಗೆ ಕಾಣುವ ಒಂದೇ ಕೊರತೆ ಇದು: ಕೆರೆಯಲು ಏನೂ ಇಲ್ಲ.

ಎಸ್.ಪಿ. ರೋಡಿಗೆ ಹೋಗುವ ದಿನ ಅವರ ಜೋಳಿಗೆಯಲ್ಲಿ ನೋಟ್‌ಬುಕ್ಕು, ಸ್ಕೇಲು, ಒಂದು ಬಿಳಿ ಹಾಳೆ, ಒಂದು ಕಪ್ಪು ಹಾಳೆ ಇದ್ದವು. ಕೆ.ಆರ್. ಮಾರ್ಕೆಟ್ಟಿನ ಮೆಟ್ರೊ ನಿಲ್ದಾಣದಲ್ಲಿ ಇಳಿದು, ತಳ್ಳುಗಾಡಿ, ಆಟೊ, ತಲೆ ಮೇಲೆ ಮಾನಿಟರ್ ಡಬ್ಬಿ ಹೊತ್ತ ಹಮಾಲಿ ಇವರೆಲ್ಲರ ನಡುವೆ ನುಸುಳಿ ಒಂದು ಅಂಗಡಿ ಹೊಕ್ಕೆವು. ಬಾಗಿಲಲ್ಲಿ ತೋರಣದಂತೆ ಕೇಬಲ್ಲುಗಳು. ಅಂಗಡಿಯವನು ಮಾರವಾಡಿ, ಮಾತು ಚಿಕ್ಕಪೇಟೆಯ ಕನ್ನಡ.

"ಏನ್ ಕೊಡ್ಲಿ ಸಾರ್, 250ದಾ, 600ದಾ?"

"ಸ್ವಿಚ್ ಯಾವುದು?"

ಅವನು ರಾಯರನ್ನು ಒಮ್ಮೆ ದಿಟ್ಟಿಸಿ, ಸ್ಟೂಲು ಎಳೆದು ಕೂತುಕೊಂಡ. ಇಂಥವರನ್ನು ಅವನೂ ಕಂಡವನೇ. ರಾಯರು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಎಡಗುಂಡಿ ಒತ್ತಿ ಕಣ್ಣು ಮುಚ್ಚಿ ಕೇಳಿದರು, ಬಲಗುಂಡಿ ಒತ್ತಿ ಕೇಳಿದರು, ಅಲ್ಲಾಡಿಸಿ ಕೇಳಿದರು.

"ಸಾರ್, ತೆಂಗಿನಕಾಯಿ ಅಂಗಡಿ ಮಾರ್ಕೆಟ್ ಒಳಗಡೆ" ಎಂದ ಅಂಗಡಿಯವನು.

ರಾಯರು ವಿಚಲಿತರಾಗಲಿಲ್ಲ. ಕೌಂಟರಿನ ಗಾಜಿನ ಮೇಲೆ ಮೌಸ್ ಓಡಿಸಿದರೆ ಬಾಣ ನಿಂತಲ್ಲೇ ನಿಂತಿತು. "ಸಾರ್, ಅದು ಪೀಸ್ ಪ್ರಾಬ್ಲಂ, ಬೇರೆ ಕೊಡ್ತೀನಿ" ಎಂದು ಅಂಗಡಿಯ ಹುಡುಗ ಓಡಿ ಬಂದ. ರಾಯರು ಕಾಯುತ್ತಿದ್ದುದೇ ಆ ಕ್ಷಣಕ್ಕೆ. "ಪೀಸು ಚೆನ್ನಾಗೇ ಇದೆ ಮರಿ. ಇದರ ಹೊಟ್ಟೇಲಿ ಸಣ್ಣ ಕ್ಯಾಮೆರಾ ಇದೆ. ಸೆಕೆಂಡಿಗೆ ಸಾವಿರಕ್ಕೂ ಮೇಲೆ ಫೋಟೊ ತೆಗೆದು, ಹಿಂದಿನ ಫೋಟೊ ಜೊತೆ ತಾಳೆ ನೋಡಿ ಎಷ್ಟು ಸರಿದೆ ಅಂತ ಲೆಕ್ಕ ಹಾಕುತ್ತೆ. ಗಾಜಿನಲ್ಲಿ ಅದಕ್ಕೆ ಏನೂ ಕಾಣೋದೇ ಇಲ್ಲ." ಹಾಗೆಂದು ತಮ್ಮ ಬಿಳಿ ಹಾಳೆ ಹಾಸಿದರು. ಬಾಣ ಓಡಿತು. ಸುತ್ತ ನಾಲ್ಕು ಜನ ಗಿರಾಕಿಗಳು ಸೇರಿದರು.

ಜನ ಸೇರಿದ ಮೇಲೆ ರಾಯರನ್ನು ತಡೆಯುವುದು ಉಂಟೇ? ಡಗ್ಲಸ್ ಎಂಗೆಲ್‌ಬಾರ್ಟ್ ಎಂಬಾತ 1964ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಮೌಸಿನ ಕಲ್ಪನೆ ಕೊಟ್ಟದ್ದು, ಬಿಲ್ ಇಂಗ್ಲಿಷ್ ಎಂಬ ಸಹೋದ್ಯೋಗಿ ಅದನ್ನು ಮರದಲ್ಲಿ ಕಟ್ಟಿದ್ದು, ಅಡಿಯಲ್ಲಿ ಅಡ್ಡಕ್ಕೊಂದು ಉದ್ದಕ್ಕೊಂದು ಚಕ್ರವಿದ್ದದ್ದು, 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದನ್ನು ಜನರೆದುರು ಆಡಿಸಿ ತೋರಿಸಿದ್ದು, 1970ರಲ್ಲಿ ಪೇಟೆಂಟ್ ಸಿಕ್ಕಿದ್ದು, ಆದರೂ ಆತನಿಗೆ ರಾಯಲ್ಟಿಯೆಂದು ಒಂದು ಕಾಸೂ ಬಾರದೇ ಹೋದದ್ದು, ಎಲ್ಲವೂ ಬಂತು. ಮೌಸ್‌ಗಳಿಗೆ ಹೆಸರಾದ ಲಾಜಿಟೆಕ್ ಕಂಪನಿ 1981ರಲ್ಲಿ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಆಪಲ್ಸ್ ಎಂಬ ಹಳ್ಳಿಯಲ್ಲಿ ಎಂದಾಗ ಒಬ್ಬ ನಕ್ಕ. ರಾಯರು ಅವನನ್ನು ಗದರಿಸಿದರು. "ಮರದ್ದು ಅಂದ್ರಲ್ಲ, ಈಗ ಸಿಗಲ್ವಾ?" ಎಂದು ಇನ್ನೊಬ್ಬ ಕೇಳಿದ. ಅಷ್ಟು ಹೊತ್ತಿಗೆ ಅಂಗಡಿಯವನು ಅವರಿಬ್ಬರಿಗೂ 250 ರೂಪಾಯಿಯ ಒಂದೊಂದು ಮೌಸ್ ಮಾರಿ ಬಿಲ್ಲು ಹರಿದುಕೊಟ್ಟಿದ್ದ. ರಾಯರಿಗೆ ಚಹಾ ತರಿಸಿದ. ನಾವು ಬರಿಗೈಯಲ್ಲಿ ವಾಪಸಾದೆವು.

ಬೀದಿಯ ಕೊನೆಯಲ್ಲೊಂದು ಪ್ರೆಸ್ಸಿದೆ. ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಲಗ್ನಪತ್ರಿಕೆಗಳ ಡಿಟಿಪಿ ಮಾಡುವ ಹುಡುಗಿಯನ್ನು ಕೇಳಿ ನೋಡಿ ಎಂದು ನಾನೇ ಹೇಳಿದೆ. ಅವಳ ಮೌಸಿನ ಮೇಲೆ ಕಂಪನಿಯ ಹೆಸರು ಅಳಿಸಿಹೋಗಿತ್ತು, ವೈರಿನ ಬುಡಕ್ಕೆ ಸೆಲ್ಲೊಟೇಪು ಸುತ್ತಿತ್ತು. "ಇದರ ಡಿಪಿಐ ಎಷ್ಟಮ್ಮ?" ಎಂದರು ರಾಯರು.

"ಪ್ರಿಂಟಿಗೆ 300 ಇಡ್ತೀವಿ ಸಾರ್."

ಆಮೇಲೆ ವಿಷಯ ಅರ್ಥವಾಗಿ, ಮಾವಿನೆಲೆ ತೋರಣವನ್ನು ಗಣಪತಿಯ ತಲೆ ಮೇಲಕ್ಕೆ ಎಳೆಯುತ್ತಲೇ ಹೇಳಿದಳು: "ಕಿರುಬೆರಳು ಮೇಜಿಗೆ ಉಜ್ಜಬಾರ್ದು, ಸಾಯಂಕಾಲದ ಹೊತ್ತಿಗೆ ಉರಿ ಬರುತ್ತೆ. ಮಣಿಕಟ್ಟು ಮೇಜಿನ ಅಂಚಿಗೆ ಒತ್ತಬಾರ್ದು. ಗುಂಡಿ ಮೇಲೆ ಬೆರಳು ಸುಮ್ನೆ ಇಟ್ರೆ ತಾನಾಗೇ ಒತ್ಕೋಬಾರ್ದು, ಬೇಕಂದಾಗ ಗುದ್ದಾಡ್ಲೂಬಾರ್ದು. ಅರ್ಧ ಗಂಟೆ ಆದ್ಮೇಲೂ ಕೈಯಲ್ಲಿ ಮೌಸ್ ಇದೆ ಅಂತ ಗೊತ್ತಾಗ್ತಾ ಇದ್ರೆ ಅದು ಬೇಡ ಸಾರ್."

ರಾಯರು ಬರೆದುಕೊಂಡರು. ಎದುರಿಗೆ ಕಂಸದಲ್ಲಿ 'ಏಕಮಾನ ಇಲ್ಲ' ಎಂದು ಷರಾ ಹಾಕಿದರು.

ಕೊನೆಗೂ ಮೌಸ್ ಬಂತು. ಹೆಬ್ಬೆರಳು ಕೂರಲು ಪಕ್ಕದಲ್ಲಿ ಹಳ್ಳ, ಬಲಗೈಯ ಇಳಿಜಾರಿಗೆ ತಕ್ಕಂತೆ ಬೆನ್ನು, ವೈರಿಲ್ಲ. ಯುಎಸ್‌ಬಿ ಗುಬುಟು ಕಾಣುತ್ತಿಲ್ಲವೆಂದು ಮನೆಯವರೆಲ್ಲ ಡಬ್ಬಿ ತಡಕಾಡುತ್ತಿದ್ದಾಗ ರಾಯರು ಬ್ಯಾಟರಿ ಮುಚ್ಚಳ ತೆರೆದು ಅಲ್ಲಿಂದ ಅದನ್ನು ತೆಗೆದು ತೋರಿಸಿದರು. ಸ್ವಿಚ್‌ಗೆ 2 ಕೋಟಿ ಕ್ಲಿಕ್‌ಗಳ ಭರವಸೆ. "ಭೂಮಿಗೆ ಏರಿಸಿದ ಪಹಣಿಗಳೇ 2 ಕೋಟಿ. ಒಂದಕ್ಕೊಂದು ಕ್ಲಿಕ್ ಹಾಕಿದ್ರೂ ಇಡೀ ರಾಜ್ಯ ಮುಗಿಯುತ್ತೆ. ನಮ್ಮನೇಲಿ ದಿನಕ್ಕೆ ಸಾವಿರ ಅಂತ ಹಿಡೀರಿ, 54 ವರ್ಷ!" ಎಂದರು. ಅವರಿಗೀಗ 66.

"ಹಾಗಾದ್ರೆ ಮೊಮ್ಮಗನ ಹೆಸರಿಗೆ ಖಾತೆ ಮಾಡಿಸಿಡಿ" ಎನ್ನುತ್ತ ಅವರ ಹೆಂಡತಿ ಬಂದು ಕಂಪ್ಯೂಟರಿನ ಮುಂದೆ ಕೂತರು. ಮಹಿಳಾ ಸಮಾಜದ ಲೆಕ್ಕಪತ್ರ, ಭಜನಾ ಮಂಡಳಿಯ ಹಾಡಿನ ಪುಸ್ತಕ, 'ನುಡಿ' ತಂತ್ರಾಂಶದಲ್ಲಿ ಟೈಪು ಮಾಡುವುದು ಎಲ್ಲ ಆಕೆಯದೇ. ದಿನಕ್ಕೆ ಸಾವಿರ ಕ್ಲಿಕ್ ಆಗುವುದಿದ್ದರೆ ಅದರಲ್ಲಿ ಒಂಬೈನೂರು ಆಕೆಯದು. ಕೂತವರು ಹೊಸ ಮೌಸನ್ನು ಎತ್ತಿ ಕೀಬೋರ್ಡಿನ ಎಡಗಡೆಗೆ ಇಟ್ಟುಕೊಂಡರು. ಅಂಗೈಯನ್ನು ಹಾಗೊಮ್ಮೆ ಹೀಗೊಮ್ಮೆ ಊರಿದರು. ಹೆಬ್ಬೆರಳಿನ ಹಳ್ಳ ಆಚೆ ಕಡೆ ಇತ್ತು. ಅಲ್ಲಿಗೆ ಕಿರುಬೆರಳು ಹೋಗಿ ಜಾರುತ್ತಿತ್ತು.

ಆಕೆ ಎಡಚಿ. ಶಾಲೆಯಲ್ಲಿ ಮೇಷ್ಟ್ರು ಗೆಣ್ಣಿನ ಮೇಲೆ ಹೊಡೆದು ಬರೆಯುವುದನ್ನು ಬಲಗೈಗೆ ಬದಲಾಯಿಸಿದ್ದರು. ಊಟ ಬಲಗೈಯಲ್ಲಿ, ಬಡಿಸುವುದು ಬಲಗೈಯಲ್ಲಿ, ನಾಲ್ಕು ಜನ ನೋಡುವುದೆಲ್ಲ ಬಲಗೈಯಲ್ಲಿ. ಸೂಜಿ, ಕತ್ತರಿ, ಒಗ್ಗರಣೆ ಸೌಟು, ಮೌಸು ಮಾತ್ರ ಎಡಗೈಯಲ್ಲಿ. ಗ್ಯಾಸಿನವನ ಕೈ ಅಳೆದಿದ್ದ ರಾಯರ ನೋಟ್‌ಬುಕ್ಕಿನಲ್ಲಿ ಆ ಕೈಗೆ ಕಾಲಂ ಇರಲಿಲ್ಲ.

"ನೀನು ಯಾಕೆ ಹೇಳ್ಲಿಲ್ಲ?" ಎಂದರು ರಾಯರು, ಸಣ್ಣ ದನಿಯಲ್ಲಿ.

"ಕೇಳಿದ್ರಾ?"

ಆಕೆ ಹೆಚ್ಚು ಮಾತು ಬೆಳೆಸಲಿಲ್ಲ. ಹಳೆಯ ಮೌಸನ್ನು ಪ್ರೆಸ್ಸಿನ ಹುಡುಗಿಯ ಕೈಗೆ ಕೊಟ್ಟು ಕಳಿಸಿದರು. ಅವಳಿಗೆ ಗೊತ್ತಿದ್ದ ರಿಪೇರಿಯವನು ಸವೆದ ಸ್ವಿಚ್ಚನ್ನು ಬಿಚ್ಚಿ, ಹೊಸದನ್ನು ಬೆಸುಗೆ ಹಾಕಿ 80 ರೂಪಾಯಿ ತೆಗೆದುಕೊಂಡ. ಎರಡೂ ಕಡೆ ಒಂದೇ ಸಮವಾಗಿರುವ ಬಡಪಾಯಿ ಮೌಸ್ ಅದು, ಯಾವ ಕೈಗಾದರೂ ಸರಿ. ರಾಯರ ಮೇಜಿಗೂ ಗಾಜಿದೆ. ಮದುವೆ ಫೋಟೊಗಳೂ ಎಲ್‌ಐಸಿ ಏಜೆಂಟನ ಫೋನ್ ನಂಬರೂ ಅದರಡಿ ಇರುವುದರಿಂದ ತೆಗೆಯುವಂತಿಲ್ಲ. ಆಕೆ ಎಡಗಡೆಗೆ ಹೋದ ವರ್ಷದ ಪಂಚಾಂಗ ಹಾಸಿ ಅದರ ಮೇಲೆ ಮೌಸ್ ಓಡಿಸುತ್ತಾರೆ. ಒರಟು ಕಾಗದ, ತುಂಬ ಅಕ್ಷರ. ಕ್ಯಾಮೆರಾಕ್ಕೆ ಅದಕ್ಕಿಂತ ಒಳ್ಳೆಯ ನೆಲ ಸಿಗದೆಂದು ರಾಯರೇ ಒಪ್ಪುತ್ತಾರೆ. ಹೊಸ ಮೌಸ್ ಸಂಜೆ ಐದಕ್ಕೆ ಡಬ್ಬಿಯಿಂದ ಹೊರಬಂದು, ಕನ್ನಡಕದ ಬಟ್ಟೆಯಲ್ಲಿ ಮೈ ಒರೆಸಿಕೊಂಡು, ನಾಲ್ಕು ಸಲ ಸಾಲಿಟೇರ್ ಆಡಿ, ಮತ್ತೆ ಡಬ್ಬಿ ಸೇರುತ್ತದೆ. ಅದನ್ನು ಆಟವೆಂದರೆ ರಾಯರಿಗೆ ಸಿಟ್ಟು. 1990ರಲ್ಲಿ ವಿಂಡೋಸ್ 3.0 ಜೊತೆ ಬಂದ ಈ ಇಸ್ಪೀಟು ಜಗತ್ತಿಗೆಲ್ಲ ಮೌಸ್ ಎಳೆಯುವುದನ್ನು ಕಲಿಸಿತು, ಆದ್ದರಿಂದ ಇದು ಅಭ್ಯಾಸ ಎನ್ನುತ್ತಾರೆ.

ಮೊನ್ನೆ ಎದುರುಮನೆಯವರು ಬಂದರು. "ರಾಯರೇ, ಒಂದು ಮೌಸ್ ತಗೋಬೇಕಿತ್ತು." ಸ್ಕೇಲು ಹೊರಬಂತು. ಎದುರುಮನೆಯವರು ಕೈ ಚಾಚಿದರು. ರಾಯರು ಸ್ಕೇಲನ್ನು ಅಂಗೈಗೆ ತಾಗಿಸುವ ಮೊದಲು ತಡೆದು, "ಮನೇಲಿ ಕಂಪ್ಯೂಟರ್ ಮುಂದೆ ಜಾಸ್ತಿ ಕೂರೋದು ಯಾರು?" ಎಂದರು.

"ನಮ್ಮ ಮನೆಯವರು."

"ಮತ್ತೆ ನಿಮ್ಮ ಕೈ ತಂದಿದ್ದೀರಲ್ರೀ! ಅವರನ್ನ ಕಳಿಸಿ."

ಒಳಗೆ ಪಂಚಾಂಗದ ಮೇಲೆ ಓಡುತ್ತಿದ್ದ ಮೌಸ್ ನಿಂತಿತು. "ರೀ, ಕಾಫಿ ಇವರಿಗೆ ಕೊಡ್ಲಾ, ಅವರಿಗೆ ಎತ್ತಿಡ್ಲಾ?" ಎಂದು ದನಿ ಬಂತು.