ಗಿಡದತ್ತೆ ಕಾನಿಗೆ ಹೋದದ್ದು

ನಮ್ಮ ಸೊರಬದ ಕಡೆ ಊರಿಗೊಬ್ಬರು ಗಿಡದತ್ತೆ ಇದ್ದೇ ಇರುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಪಡಿತರ ಚೀಟಿಯಲ್ಲಿ ಮಾತ್ರ. ಮದುವೆಮನೆಗೆ ಹೋದರೆ ಮದುಮಗಳಿಗಿಂತ ಮೊದಲು ಹಿತ್ತಲು ನೋಡುತ್ತಾರೆ. ಸಾವಿನ ಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಅಂಗಳದ ದಾಸವಾಳ ಒಂಟಿ ಎಸಳಿನದೋ ಮುದ್ದೆಯೋ ಎಂದು ವಿಚಾರಿಸುತ್ತಾರೆ. ಕೈಚೀಲದಲ್ಲಿ ಒಂದು ಮೊಂಡು ಚೂರಿ, ಒದ್ದೆ ಬಟ್ಟೆ, ನಾಲ್ಕಾರು ಪ್ಲಾಸ್ಟಿಕ್ ಕೊಟ್ಟೆ ಸದಾ ಸಿದ್ಧ. ಕೇಳಿ ತಂದ ಗಿಡ ಬದುಕುವುದಿಲ್ಲ, ಕದ್ದು ತಂದದ್ದು ಚಿಗುರುತ್ತದೆ ಎಂಬುದು ಅವರ ಶಾಸ್ತ್ರ. ಹಾಗಾಗಿ ಎದುರಿಗೆ ‘ಒಂದು ಹಿಳ್ಳು ಕೊಡೇ’ ಎಂದು ಕೇಳುವುದು ಬರೀ ಸೌಜನ್ಯಕ್ಕೆ. ಅಸಲಿ ಕೆಲಸ ಅಷ್ಟರೊಳಗೆ ಮುಗಿದಿರುತ್ತದೆ.

ಇಂಥ ಅತ್ತೆಯನ್ನು ಚೌತಿಗೆ ಮೊದಲು ಕಾನಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಕಾನು ಅಂದರೆ ನಮ್ಮಲ್ಲಿ ಬರೀ ಕಾಡಲ್ಲ. ಸುತ್ತ ಎಲೆ ಉದುರುವ ಕಾಡು, ಗದ್ದೆ, ಬ್ಯಾಣ. ನಡುವೆ ವರ್ಷವಿಡೀ ಹಸಿರಾಗಿ, ಹಗಲಲ್ಲೂ ಕತ್ತಲಾಗಿ ನಿಂತ ತುಂಡು. ಹಿಂದಿನವರು ಒಳಗೆ ಹೋಗಿ ಕಾಳುಮೆಣಸು ಕೊಯ್ದರು, ಬಗನಿ ಮರದಿಂದ ಕಳ್ಳು ಇಳಿಸಿದರು. ಹಸಿ ಮರಕ್ಕೆ ಮಾತ್ರ ಕೊಡಲಿ ಹಾಕಲಿಲ್ಲ. ಬ್ರಿಟಿಷ್ ಸರ್ಕಾರದ ಅರಣ್ಯಾಧಿಕಾರಿ ಬ್ರಾಂಡಿಸ್ 1868ರಲ್ಲಿ ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆ ವರದಿ ಬರೆದಾಗ ಲೆಕ್ಕಕ್ಕೆ ಸಿಕ್ಕಿದ್ದು 171 ಕಾನು, 32 ಸಾವಿರ ಎಕರೆಗೂ ಮೇಲೆ. ಆಮೇಲೆ ಕೊಡಲಿಗೆ ಯಾರ ಭಯವೂ ಉಳಿಯದೆ ಎಷ್ಟೋ ಕಾನು ಹೋದವು. ಉಳಿದವುಗಳಲ್ಲಿ ಕಾಡುಹೂವಿಗೆ ಇನ್ನೂ ಜಾಗವಿದೆ.

ಕಾನಿನ ಹೊರಗಿನ ಬೇಲಿಯಲ್ಲೇ ಗೌರಿಹೂವು ಕೆಂಪು ಹಳದಿಯಾಗಿ ಉರಿಯುತ್ತಿತ್ತು. ‘ಮಾಣಿ, ನಿಲ್ಸು!’ ಅಂದರು ಅತ್ತೆ. ಗಣಪತಿಯ ಮೇಲೆ ಕಟ್ಟುವ ಫಲಾವಳಿಗೆ ನಾಲ್ಕು ಹೂವು ಬೇಕೇ ಬೇಕು. ಅದು ಪದ್ಧತಿ, ನಾನು ಸುಮ್ಮನಿದ್ದೆ. ಅತ್ತೆ ಮಾತ್ರ ಹೂವು ಬಿಟ್ಟು ಬುಡದಲ್ಲಿ ಗಡ್ಡೆ ಹುಡುಕತೊಡಗಿದರು. ಅದು ವಿಷ ಅತ್ತೆ, ಅಂದೆ. ‘ನಾನೆಂತ ಪಲ್ಯ ಮಾಡ್ತ್ನಾ?’

ಜಂಬಿಟ್ಟಿಗೆ ಹಾಸಿನ ಮೇಲೆ, ತೆಳ್ಳನೆ ನೀರಿನಲ್ಲಿ ನೀಲಿ ಚುಕ್ಕೆಗಳಂಥ ಹೂವು ನಿಂತಿದ್ದವು. ಮಣ್ಣೊಳಗೆ ಪುಟ್ಟ ಚೀಲ ಇಟ್ಟುಕೊಂಡು ಸಣ್ಣ ಜೀವಿಗಳನ್ನು ಹಿಡಿದು ಅರಗಿಸಿಕೊಳ್ಳುವ ಗಿಡ ಅದು ಎಂದು ವಿವರಿಸಿದೆ. ಅತ್ತೆ ಪೂರ್ತಿ ಕೇಳಿ, ‘ಕುಂಡದಲ್ಲಿ ಬರ್ತಾ?’ ಅಂದರು. ಹಳ್ಳದ ಅಂಚಿನ ಕರ್ಣಕುಂಡಲಕ್ಕೂ ಅದೇ ಪ್ರಶ್ನೆ. ಲೋಕದ ಸಕಲ ಸಸ್ಯಗಳನ್ನು ಅವರು ಎರಡೇ ಜಾತಿಯಾಗಿ ವಿಂಗಡಿಸಿದ್ದಾರೆ: ಕುಂಡದಲ್ಲಿ ಬರುವವು, ಇನ್ನೂ ಹಾಕಿ ನೋಡದವು.

ಕಾನಿನೊಳಗೆ ಕಾಲಿಟ್ಟದ್ದೇ ಎದುರಿಗೆ ಮುರಿದುಬಿದ್ದ ಕೊಂಬೆ, ಅದರ ಮೇಲೆ ಸೀತಾಳೆದಂಡೆಯ ಗಿಡ. ಹೂವಿನ ಕಾಲ ಮುಗಿದಿತ್ತು, ಆದರೆ ಎಲೆ ಕಂಡರೆ ಸಾಕು, ಅತ್ತೆಗೆ ದಂಡೆ ಮುಡಿದಷ್ಟೇ ಸಂಭ್ರಮ. ಮೊಂಡು ಚೂರಿ ಹೊರಬಂತು. ಇದರ ಬೀಜ ಧೂಳಿನಷ್ಟು ಸಣ್ಣದು, ತಕ್ಕ ಶಿಲೀಂಧ್ರದ ನೆರವಿಲ್ಲದೆ ಕಾಡಲ್ಲಿ ಮೊಳೆಯುವುದಿಲ್ಲ, ಇಲ್ಲಿನದು ಇಲ್ಲೇ ಇದ್ದರೆ ಚಂದ ಎಂದೆ.

‘ಶಿಲೀಂಧ್ರ ಅಂದ್ರೆ ಬೂಷ್ಟೇ ಅಲ್ದಾ? ಮಳೆಗಾಲದಲ್ಲಿ ನಮ್ಮನೆಲಿ ಬೂಷ್ಟಿಗೆಂತ ಬರವಾ?’

ವಿಜ್ಞಾನ ಅಲ್ಲಿಗೆ ಸೋತಿತು. ಅಷ್ಟರಲ್ಲಿ ಕೊಡೆ ಹಿಡಿದು ಕಾವಲಿನವನು ಬಂದ. ಇಲಾಖೆಯ ಬೋರ್ಡು ತೋರಿಸಿದ. ಬೋರ್ಡು ಹೊಸದಾಗಿದೆ, ಚೆನ್ನಾಗಿದೆ ಎಂದು ಅತ್ತೆ ಮೆಚ್ಚಿದರು. ದಂಡ ಬೀಳ್ತದೆ ಅಂದ. ‘ಬಿದ್ದ ಕೊಂಬೆ ತಮ್ಮಾ, ನಾನೆಲ್ಲಿ ಮರ ಹತ್ತಿದ್ದೆ?’ ಕೊನೆಗೆ ಅವನು ದನಿ ತಗ್ಗಿಸಿ, ‘ಅಮ್ಮಾ, ಇದು ಚೌಡಿ ಬನದೊಳಗಿನ ಕೊಂಬೆ’ ಅಂದ.

ಚೂರಿ ಚೀಲ ಸೇರಿತು. ಅತ್ತೆ ಚಪ್ಪಲಿ ಬಿಟ್ಟು, ಕೊಂಬೆಗೇ ಕೈಮುಗಿದು, ತಪ್ಪುಕಾಣಿಕೆಯೆಂದು ಹತ್ತು ರೂಪಾಯಿ ತೆಗೆದರು. ತೆಗೆದದ್ದು ಹೆಚ್ಚಾಯಿತೇನೋ ಎಂದು ಒಮ್ಮೆ ನನ್ನ ಮುಖ ನೋಡಿದರು. ಸೊರಬದ ಕಾನುಗಳು ಇಷ್ಟಾದರೂ ಉಳಿದದ್ದರಲ್ಲಿ ಬೋರ್ಡಿಗಿಂತ ಚೌಡಿಯ ಪಾಲೇ ದೊಡ್ಡದು ಎಂದು ನನಗಂತೂ ಖಾತ್ರಿಯಾಯಿತು.

ವಾಪಸು ನಡೆಯುವಾಗ ನಾನು ಸ್ವಲ್ಪ ಕೊಂಕಾಗಿಯೇ, ಕಾಡುಹೂವಿನ ಉಸಾಬರಿ ಯಾಕೆ, ಮನೆ ಮುಂದೆ ಅಷ್ಟೊಂದು ಡೇರೆ ಇಲ್ಲವೇ, ಅದೂ ಮೆಕ್ಸಿಕೋದಿಂದ ಬಂದದ್ದು ಎಂದೆ.

‘ಸುಳ್ಳು. ನಂಗೆ ಕೊಟ್ಟಿದ್ದು ತಾಳಗುಪ್ಪದ ಅಕ್ಕ.’

ಕಾವಲಿನವನು ಕಾರಿನವರೆಗೂ ಬಂದ. ಬಾಗಿಲು ಹಾಕುವ ಹೊತ್ತಿಗೆ ಕೊಡೆ ಮಡಚಿ, ತಲೆ ಕೆರೆದುಕೊಂಡು ನಿಂತ.

‘ಅಮ್ಮಾ, ನಿಮ್ಮನೆ ಕರಿಗೆಂಪು ಡೇರೆ ಭಾರೀ ಚಂದ ಅಂತೆ. ಒಂದು ಗಡ್ಡೆ ಸಿಕ್ಕಿದ್ರೆ... ನಮ್ಮನೆಯವಳು ಕೇಳ್ತಾ ಇದ್ಲು.’

ಅತ್ತೆ ಸೀಟಿನಲ್ಲಿ ನೆಟ್ಟಗೆ ಕೂತರು. ‘ಈಗ ಕೀಳೂಕಾಗ್ತಾ ತಮ್ಮಾ? ದೀಪಾವಳಿ ಕಳೀಲಿ. ಬರುವಾಗ ನಿಮ್ಮನೆಲಿ ಎಂತೆಂತ ಗಿಡ ಇದ್ದು ಅಂತ ಅವಳ ಹತ್ರ ಕೇಳ್ಕಂಡು ಬಾ.’