ಬಹುರೂಪಿ ಚದುರಂಗಯಂತ್ರದ ಉತ್ತರೋತ್ತರ ಪರಿಷ್ಕರಣ: ಒಂದು ತಾತ್ವಿಕ ಅನುಸಂಧಾನ

1. ವ್ಯಾಪ್ತಿ ಮತ್ತು ಮಿತಿ

ಚದುರಂಗ, ಜಪಾನಿನ ಶೋಗಿ, ಥಾಯ್ಲೆಂಡಿನ ಮಾಕ್ರುಕ್, ಚೀನಾದ ಶಿಯಾಂಗ್‌ಚಿ ಮುಂತಾದವನ್ನು ಏಕೋದರದಲ್ಲಿ ಧರಿಸಿರುವ ಫೇರಿ-ಸ್ಟಾಕ್‌ಫಿಶ್ ಎಂಬ ಎಂಜಿನ್ನಿನ ಸಂದರ್ಭದಲ್ಲಿ ‘ಸುಧಾರಣೆ’ ಎಂಬ ಪರಿಕಲ್ಪನೆಯನ್ನು ಬಹುಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗುವ ವಿನಮ್ರ ಪ್ರಯತ್ನವೇ ಪ್ರಸ್ತುತ ಪ್ರಬಂಧ. ಆಟ ಆಡುವುದು ಇದರ ವ್ಯಾಪ್ತಿಗೆ ಬರುವುದಿಲ್ಲ.

2. ಪರೀಕ್ಷಾ-ಪ್ರಭೇದಗಳು

ಪರೀಕ್ಷೆ ಏಳು ವಿಧ.

ಪ್ರಥಮವು ಗಣನಾತ್ಮಕ, ವ್ಯವಹಾರದಲ್ಲಿ ಪರ್ಫ್ಟ್. ಆರಂಭದಿಂದ ಎಷ್ಟು ನಡೆ ಸಾಧ್ಯವೆಂದು ಎಂಜಿನ್ ಎಣಿಸಬೇಕು. ಚದುರಂಗದಲ್ಲಿ 20, ಎದುರಾಳಿಯ ಉತ್ತರವೂ ಸೇರಿದರೆ 400, ಮೂರನೆಯ ನಡೆಗೆ 8,902. ಶೋಗಿಯಲ್ಲಿ 30, 900, 25,470. ಒಂದು ಹೆಚ್ಚುಕಮ್ಮಿಯಾದರೂ ಎಂಜಿನ್ನಿಗೆ ನಿಯಮ ಗೊತ್ತಿಲ್ಲವೆಂದೇ ಅರ್ಥ. ಈ ಪರೀಕ್ಷೆಯನ್ನು ಹಳಿಯಲು ಏನೂ ಸಿಗದ ಕಾರಣ ಮುಂದೆ ಹೋಗೋಣ.

ದ್ವಿತೀಯವು ಧರ್ಮಸೂಕ್ಷ್ಮಾತ್ಮಕ. ಶೋಗಿಯಲ್ಲಿ ಸೆರೆಸಿಕ್ಕ ಕಾಯಿಯನ್ನು ನಮ್ಮದಾಗಿಸಿಕೊಂಡು ಖಾಲಿ ಮನೆಯಲ್ಲಿ ಇಳಿಸಬಹುದು. ಇಳಿಸಿದ ಕಾಲಾಳು ಚೆಕ್ ಕೊಡಬಹುದು. ಮಣೆಯ ಮೇಲಿದ್ದ ಕಾಲಾಳು ಮುಂದೆ ನಡೆದು ಚೆಕ್‌ಮೇಟ್ ಮಾಡಬಹುದು. ಇಳಿಸಿದ ಕಾಲಾಳೇ ಚೆಕ್‌ಮೇಟ್ ಮಾಡಿದರೆ ಮಾತ್ರ ನಿಷಿದ್ಧ, ಇದು ಉಚಿಫುಜುಮೆ. ಆದ್ದರಿಂದ ಒಂದು ಬಡ ಕಾಲಾಳನ್ನು ಕೆಳಗಿಡುವ ಮುಂಚೆ ರಾಜನಿಗೆ ಓಡಲು ಮನೆ ಇದೆಯೇ, ಆ ಕಾಲಾಳನ್ನು ಹೊಡೆಯಬಲ್ಲವರಿದ್ದಾರೆಯೇ, ಹೊಡೆಯಲು ಕದಲಿದರೆ ರಾಜ ಬೇರೆ ಕಡೆಯಿಂದ ಬಯಲಾಗುತ್ತಾನೆಯೇ ಎಂದೆಲ್ಲ ಎಂಜಿನ್ ವಿಚಾರಣೆ ನಡೆಸಬೇಕು. (ನಿಜ ಹೇಳಬೇಕೆಂದರೆ, ಇದು ಸೊಗಸಾದ ನಿಯಮ.)

ತೃತೀಯವು ಸಂಭಾವ್ಯತಾತ್ಮಕ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಬ್ರಹಾಂ ವಾಲ್ಡ್ ರೂಪಿಸಿದ ವಿಧಾನವಿದು. ತಿದ್ದಿದ ಎಂಜಿನ್ ತಿದ್ದದ ತನ್ನೊಡನೆಯೇ ಸೆಣಸುತ್ತದೆ, ಆಟಗಳ ಫಲಿತಾಂಶದಿಂದ ತೆಗೆದ ಲೆಕ್ಕ +2.94 ಮುಟ್ಟಿದರೆ ಪಾಸು, −2.94 ಮುಟ್ಟಿದರೆ ಫೇಲು. ಬಲದ ಮಾನ ‘ಎಲೋ’; ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾದ್ ಎಲೋ ಅವರ ಹೆಸರು. ಒಂದೇ ಒಂದು ಎಲೋ ಏರಿದೆಯೆಂದು ಖಚಿತವಾಗಲು ಹತ್ತಾರು ಸಾವಿರ ಆಟ ಬೇಕು.

ಉಳಿದ ನಾಲ್ಕು ವಿಧಗಳನ್ನು ಜಿಜ್ಞಾಸುಗಳೇ ಊಹಿಸಿಕೊಳ್ಳತಕ್ಕದ್ದು.

3. ಪರಿಷ್ಕರಣದ ಪ್ರಮಾಣಸಾಪೇಕ್ಷ ಪ್ರತಿಗಾಮಿತ್ವ-ಮೀಮಾಂಸೆ

ಎಂದರೆ, ಚದುರಂಗದಲ್ಲಿ ಪಾಸಾದ ತಿದ್ದುಪಡಿ ಶೋಗಿಯಲ್ಲಿ ಮುಗ್ಗರಿಸುವುದು. ಚದುರಂಗದ ಮಣೆ ಆಟ ಸಾಗಿದಂತೆ ಬರಿದಾಗುತ್ತದೆ. ‘ಕಾಯಿ ಕಡಿಮೆಯಾದವು, ಅಂತ್ಯ ಬಂತು, ರಾಜ ಧೈರ್ಯವಾಗಿ ಹೊರಬರಲಿ’ ಎಂಬ ತರ್ಕ ಅಲ್ಲಿ ನಡೆಯುತ್ತದೆ. ಶೋಗಿಯ 40 ಕಾಯಿಗಳು ಎಲ್ಲಿಗೂ ಹೋಗುವುದಿಲ್ಲ, ಪಕ್ಷಾಂತರ ಮಾಡುತ್ತವೆ ಅಷ್ಟೆ. ಕನ್ನಡ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶೋಗಿಯಲ್ಲಿ ಹೊರಬಂದ ರಾಜ ಸತ್ತ. ಪರೀಕ್ಷೆ −2.94 ಎನ್ನುತ್ತದೆ. ಯಾಕೆಂದು ಹೇಳುವುದಿಲ್ಲ; ತಿಳಿಯಬೇಕಾದರೆ ಸೋತ ಆಟವನ್ನು ಯಾರಾದರೂ ತೆರೆದು ನೋಡಬೇಕು.

ಯಾರು ನೋಡುತ್ತಾರೆ ಸ್ವಾಮಿ? ಒಂದು ವಿಚಾರಸಂಕಿರಣದಲ್ಲಿ ಬೆಳಗಿನಿಂದ ಊಟದ ಹೊತ್ತಿನವರೆಗೆ ಇಂಥ ಸುಧಾರಣೆಗಳ ಮೇಲೆ ನಕ್ಷೆ, ಕೋಷ್ಟಕ, ‘ಫಲಿತಾಂಶಗಳ ಸಾರ್ಥಕತೆ’ ಎಲ್ಲ ಕೇಳಿದೆ. ಒಂದು ನಡೆಯನ್ನೂ ಯಾರೂ ತೋರಿಸಲಿಲ್ಲ. ‘ಇದರಲ್ಲಿ ಚೆನ್ನಾಗಿದ್ದ ಆಟ ಯಾವುದು?’ ಎಂದು ಕೇಳಿದ್ದಕ್ಕೆ, ಪ್ರಶ್ನೆ ‘ಅಧ್ಯಯನದ ಚೌಕಟ್ಟಿನಾಚೆ’ ಇದೆ ಎಂದು ವಿದ್ವಾಂಸರು ನಕ್ಕರು. ಚೌಕಟ್ಟಿನೊಳಗೆ ಮಣೆಯೇ ಇಲ್ಲದ ಮೇಲೆ ಇನ್ನೇನಿದೆ?

ಸುಧಾರಣೆ ಶೋಗಿಯಿಂದ ಚದುರಂಗಕ್ಕೂ ಹರಿದಿದೆ: 2018ರಲ್ಲಿ ಯು ನಾಸು ಶೋಗಿಗೆಂದೇ ರೂಪಿಸಿದ ಎನ್‌ಎನ್‌ಯುಇ ಎಂಬ ನರಜಾಲ ವಿಧಾನ 2020ರಲ್ಲಿ ಸ್ಟಾಕ್‌ಫಿಶ್ ಎಂಬ ಚದುರಂಗದ ಎಂಜಿನ್ನಿಗೆ ಬಂದು ಅದರ ಬಲವನ್ನು ಒಮ್ಮೆಲೇ ಎತ್ತರಿಸಿತು. ಆ ಸಾಲವನ್ನು ನೆನೆಯದೆ ಶೋಗಿಯನ್ನು ಇಂದಿಗೂ ‘ಉಪಪ್ರಭೇದ’ ಎನ್ನುವ ಪಟ್ಟಿಗಳಿವೆ. 2013ರಿಂದ ಸ್ಟಾಕ್‌ಫಿಶ್ ಪರೀಕ್ಷೆಗೆ ಎಷ್ಟೋ ಜನ ತಮ್ಮ ಮನೆಯ ಕಂಪ್ಯೂಟರನ್ನೂ ಕರೆಂಟನ್ನೂ ಪುಕ್ಕಟೆ ಕೊಟ್ಟಿದ್ದಾರೆ. ಅವರಿಗೆ ಕೈಮುಗಿಯುತ್ತೇನೆ. ಅಲ್ಲಿ ನಡೆದ ಕೋಟಿಗಟ್ಟಲೆ ಆಟಗಳಲ್ಲಿ ಯಾವುದೋ ಕುದುರೆ ಯಾರೂ ಕನಸಿನಲ್ಲೂ ಕಾಣದ ಮನೆಗೆ ಹಾರಿ ಗೆದ್ದಿರಬೇಕು. ಅದು 1 ಎಂದು ದಾಖಲಾಯಿತು. ಕೂಡಿಸಿದರು.

4. ಶಿಫಾರಸು

ಪಾಸಾದ ಪ್ರತಿ ತಿದ್ದುಪಡಿಯೊಂದಿಗೆ ಒಂದು ಆಟವನ್ನು ಲಗತ್ತಿಸತಕ್ಕದ್ದು. ಹಳೆಯ ಎಂಜಿನ್ ಎಲ್ಲಿ ಎಡವಿತು, ಹೊಸದು ಅಲ್ಲಿ ಏನು ಕಂಡಿತು ಎಂದು ತಿದ್ದಿದವರು ಎರಡು ಸಾಲು ಬರೆಯಲಿ. ಬರೆಯಲಾಗದಿದ್ದರೆ ಅದನ್ನಾದರೂ ಬರೆಯಲಿ.